ಕರಿಯನ ವಿಭೂತಿ

ಅಂಜಿನಯ್ಯನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಅರ್ಧ ಇಂಚಿನ ಸ್ಪ್ಯಾನರ್ ತೂಗುವ ಮೊಳೆಗೆ ಯಾರಾದರೂ ಮುಕ್ಕಾಲು ಇಂಚಿನದನ್ನು ತೂಗುಹಾಕಿದ್ದರೆ ಸಾಕು, ಅದು ಹಾರಿಹೋಗಿ ಗ್ಯಾರೇಜಿನ ತಗಡಿನ ಬಾಗಿಲಿಗೆ ಬಡಿಯುತ್ತಿತ್ತು. ಗ್ಯಾರೇಜು ಕಾಮಾಕ್ಷಿಪಾಳ್ಯದ್ದು, ಬಾಗಿಲು ಮೇಸ್ತ್ರಿ ಮುನಿರಾಮಯ್ಯನದು. ತನ್ನ ಬಾಗಿಲಿನ ತಗ್ಗುಗಳನ್ನು ಮುನಿರಾಮಯ್ಯ ತಿಂಗಳ ಕೊನೆಗೆ ಬೆರಳಿಟ್ಟು ಎಣಿಸುತ್ತಿದ್ದ. "ಈ ತಿಂಗಳು ಮೂರೇ ಕಣೋ ಅಂಜಿ. ಮೈಗೆ ಹುಷಾರಿಲ್ವಾ?" ಎಂದು ಕೇಳುತ್ತಿದ್ದ. ಆ ಮಾತಿಗೇ ನಾಲ್ಕನೆಯದು ಬೀಳುತ್ತಿತ್ತು.

ಏಳನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟದ್ದೂ ಸಿಟ್ಟಿನಲ್ಲೇ. ಪಾಠದ ನಡುವೆ 'ಯಾಕೆ?' ಎಂದು ಕೇಳಿದ್ದಕ್ಕೆ ಮೇಷ್ಟ್ರು ಬೆತ್ತ ತೋರಿಸಿದ್ದರು. ಅಂಜಿನಯ್ಯ ಬಾಗಿಲು ಹುಡುಕಿಕೊಂಡಿದ್ದ. ಈಗ ಇಪ್ಪತ್ತೆರಡು ತುಂಬಿದ್ದರೂ ಆ ಚಾಳಿ ಹೋಗಿರಲಿಲ್ಲ. ಯಾವ ಕೆಲಸ ಹೇಳಿದರೂ ಕಾರಣ ಬೇಕು. ಕಾರಣ ಇಲ್ಲದ್ದೆಲ್ಲ ಅವನ ಲೆಕ್ಕದಲ್ಲಿ ಮೂಢನಂಬಿಕೆ.

ಹಿಂದಿನ ವರ್ಷ ಯುಗಾದಿ ಹೊತ್ತಿಗೆ ಮೇಸ್ತ್ರಿಗೂ ಅವನಿಗೂ ಜಟಾಪಟಿಯಾದದ್ದು ಇದೇ ಕಾರಣಕ್ಕೆ. ರಾಜಾಜಿನಗರದ ಬಸವ್ವನ ಕಾರು ರಿಪೇರಿಗೆ ಬಂದಿತ್ತು. ರಾಣೆಬೆನ್ನೂರು ಕಡೆಯ ವಕೀಲರೊಬ್ಬರು ಮೂವತ್ತೆಂಟನೇ ಇಸವಿಯಲ್ಲಿ ಕೊಂಡ ವಿಲಾಯತಿ ಕಾರು ಅದು. ವಕೀಲರು ಹೋದ ಮೇಲೂ ಅವರ ಹೆಂಡತಿ ಬಸವ್ವ ಅದನ್ನು ಮಾರದೆ, 'ಕರಿಯ' ಎಂದು ಹೆಸರಿಟ್ಟು ಮನೆಯ ಮಗನ ಹಾಗೆ ಇಟ್ಟುಕೊಂಡಿದ್ದಳು. ಕರಿಯನೊಳಗೆ ಕೂತವರ ಕಾಲಡಿಯ ಮರದ ಹಲಗೆಗಳು ಕೊಳೆತುಹೋಗಿದ್ದವು. ಅವುಗಳ ಬದಲು ಅಲ್ಯುಮಿನಿಯಂ ತಗಡು ಹಾಕಿ ಚಾಸಿಗೆ, ಅಂದರೆ ಇಡೀ ಕಾರನ್ನು ಹೊರುವ ಕಬ್ಬಿಣದ ಚೌಕಟ್ಟಿಗೆ, ಬೋಲ್ಟ್ ಮಾಡಬೇಕಾಗಿತ್ತು. ಅಂಜಿನಯ್ಯ ಒಬ್ಬನೇ ಪೂರ್ತಿ ಮಾಡಿದ ಮೊದಲನೇ ಕೆಲಸ.

ಮುನಿರಾಮಯ್ಯ ಹಳೇ ಸೈಕಲ್ ಟ್ಯೂಬನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ತಂದುಕೊಟ್ಟಿದ್ದ. "ಚಾಸಿ ಮೇಲೆ ಇದನ್ನ ಹಾಸು. ಅದರ ಮೇಲೆ ತಗಡು ಇಡು."

"ಯಾಕೆ?"

"ನಮ್ಮ ಮೇಸ್ತ್ರಿ ಹಾಕ್ತಿದ್ರು. ನಾನೂ ಹಾಕ್ತೀನಿ."

"ಅವರು ಯಾಕೆ ಹಾಕ್ತಿದ್ರು?"

"ಅವರ ಮೇಸ್ತ್ರಿ ಹಾಕ್ತಿದ್ರು ಕಣೋ."

"ಅವರ ಮೇಸ್ತ್ರಿಗೂ ಅವರಪ್ಪ ಹೇಳಿರ್ತಾನೆ! ಗ್ಯಾರೇಜೋ ಪೂಜಾರಿ ಮನೆನೋ ಇದು?" ಎಂದು ಕೂಗಿ ಅಂಜಿನಯ್ಯ ಪಟ್ಟಿಗಳನ್ನು ಮೂಲೆಗೆ ಎಸೆದಿದ್ದ. ಅಷ್ಟಕ್ಕೇ ಬಿಡಲಿಲ್ಲ. ಕಬ್ಬಿಣದ ಬೋಲ್ಟು ತುಕ್ಕು ಹಿಡಿಯುತ್ತದೆಂದು ಮಾರ್ಕೆಟ್ಟಿಗೆ ಹೋಗಿ ಹಿತ್ತಾಳೆ ಬೋಲ್ಟುಗಳನ್ನೇ ತಂದ. ಇಪ್ಪತ್ತೆಂಟು ಬೋಲ್ಟು. ಒಂದೊಂದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಹೊಳೆಸಿ ತಗಡಿಗೂ ಚಾಸಿಗೂ ಬಿಗಿದು, ಬಸವ್ವನನ್ನು ಕರೆದು ತೋರಿಸಿದ. "ಅಜ್ಜಿ, ನಾನು ಸತ್ರೂ ಇದಕ್ಕೆ ತುಕ್ಕು ಹಿಡಿಯಲ್ಲ."

"ನೀ ಯಾಕ ಸಾಯ್ತೀಯೋ ತಮ್ಮಾ, ಬೋಲ್ಟಿನ ಸಲುವಾಗಿ!" ಎಂದು ಬಸವ್ವ ನಕ್ಕಿದ್ದಳು.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಅವನೇ ಹೋಗಿ ಕರಿಯನನ್ನು ಹೊರಗೆ ತೆಗೆದು ಅಜ್ಜಿಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬರುವುದೆಂದಾಯಿತು.

ಎಪ್ಪತ್ತನಾಲ್ಕರ ಶ್ರಾವಣದ ಮೊದಲನೇ ಸೋಮವಾರ ಅವನು ಹೋದಾಗ ಶೆಡ್ಡಿನ ಮುಂದೆ ಬಸವ್ವ ಕೈಮುಗಿದು ನಿಂತಿದ್ದಳು. ಪಕ್ಕದ ಮನೆಯ ರೇವಣಸಿದ್ದಪ್ಪ, ದಾವಣಗೆರೆ ಕಡೆಯ ಜವಳಿ ವ್ಯಾಪಾರಿ, ಆ ದೊಡ್ಡ ಹೊಟ್ಟೆಯನ್ನೂ ಲೆಕ್ಕಿಸದೆ ನೆಲಕ್ಕೆ ಕೆನ್ನೆ ತಾಗಿಸಿ ಕಾರಿನ ಕೆಳಗೆ ನೋಡುತ್ತಿದ್ದ.

"ಅಂಜಿನಯ್ಯಾ, ಚಪ್ಪಲಿ ಬಿಟ್ಟು ಬಾರೋ," ಎಂದಳು ಬಸವ್ವ. "ಕರಿಯ ವಿಭೂತಿ ಉದುರಿಸ್ಯಾನ!"

ಕಾರಿನ ಅಡಿಯಲ್ಲಿ, ಸಿಮೆಂಟು ನೆಲದ ಮೇಲೆ, ಸಾಲಾಗಿ ಅಲ್ಲಲ್ಲಿ ಬೆಳ್ಳನೆಯ ನುಣ್ಣನೆಯ ಪುಡಿ ಬಿದ್ದಿತ್ತು. ರೇವಣಸಿದ್ದಪ್ಪ ಅದನ್ನು ಮೂರು ಬೆರಳಿನಿಂದ ತೆಗೆದು ಆಗಲೇ ಹಣೆಗೆ ಎಳೆದುಕೊಂಡಿದ್ದ. "ವಕೀಲರು ದಿನಾ ಲಿಂಗಪೂಜೆ ಮಾಡಿ ಇದೇ ಕಾರಲ್ಲಿ ಕೋರ್ಟಿಗೆ ಹೋಗ್ತಿದ್ರಂತೆ. ಶ್ರಾವಣ ಬಂತು ನೋಡಿ, ಅವರೇ ಕೊಡ್ತಾ ಇದಾರೆ!"

ಅಂಜಿನಯ್ಯನ ಬಾಯಲ್ಲಿ ಬೈಗುಳ ತಯಾರಾಗಿತ್ತು. ಕಾರಿನ ಕೆಳಗೆ ಮಲಗಿ ತಲೆ ಎತ್ತಿ ನೋಡಿದ. ಬೈಗುಳ ಮರೆತುಹೋಯಿತು. ಒಂದೊಂದು ಹಿತ್ತಾಳೆ ಬೋಲ್ಟಿನ ಸುತ್ತಲೂ ಅಲ್ಯುಮಿನಿಯಂ ತಗಡು ಬೂಷ್ಟು ಬಂದ ಹಾಗೆ ಬೆಳ್ಳಗಾಗಿ ಉಬ್ಬಿತ್ತು. ಬೋಲ್ಟುಗಳು ಮಾತ್ರ ಹೊಳೆಯುತ್ತಿದ್ದವು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಹೆಬ್ಬೆರಳು ತಗಡಿನೊಳಕ್ಕೆ ಹೋಯಿತು, ಹಪ್ಪಳ ಮುರಿದ ಹಾಗೆ.

"ಏನೈತಿ ತಮ್ಮಾ ಮ್ಯಾಲೆ?" ಎಂದು ಬಸವ್ವ ಕೇಳಿದಳು.

"ಏನಿಲ್ಲ ಅಜ್ಜಿ," ಎಂದ ಅಂಜಿನಯ್ಯ. ಎದ್ದು ಮೈ ಕೊಡವಿಕೊಂಡ. ಆ ದಿನ ದೇವಸ್ಥಾನಕ್ಕೆ ಹೋಗುವಾಗ ಅಡ್ಡ ಬಂದ ಸೈಕಲ್ಲಿನವನನ್ನೂ ಬೈಯಲಿಲ್ಲ.

ಎರಡನೇ ಸೋಮವಾರ ಹೋದಾಗ ಕಾಂಪೌಂಡಿನಲ್ಲಿ ಹದಿನೈದು ಜನ ಇದ್ದರು. ಬಸವೇಶ್ವರನಗರದಿಂದಲೂ ಬಂದಿದ್ದರು. ಪುಡಿಯನ್ನು ಬಾಳೆಲೆ ಚೂರಿನಲ್ಲಿ ಹಂಚುವ ಕೆಲಸ ರೇವಣಸಿದ್ದಪ್ಪನದು. ಅಂಜಿನಯ್ಯನನ್ನು ನೋಡಿದ್ದೇ ಅವನು ಕೈ ಹಿಡಿದು ಜನರ ನಡುವೆ ಎಳೆತಂದ. "ಇವನೇ ಕಣ್ರೀ! ಹಿತ್ತಾಳೆ ಬೋಲ್ಟ್ ಹಾಕಿ ತಳ ಕಟ್ಟಿದೋನು ಇವನೇ. ಹಿತ್ತಾಳೆ ಅಂದ್ರೆ ದೇವರ ಲೋಹ, ಇವನ ಕೈಗುಣ! ತಮ್ಮಾ, ನಮ್ಮ ಸ್ಕೂಟರಿಗೂ ನಾಲ್ಕು ಬೋಲ್ಟು ಹಾಕಿಕೊಡಪ್ಪಾ."

ಒಬ್ಬ ಮುದುಕಿ ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಗ್ರೀಸು ಅವಳ ಹುಬ್ಬಿಗಂಟಿತು. ಅಂಜಿನಯ್ಯನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಮೇಲೆ ನೆನಪಾಯಿತು, ಭೂಮಿಗಿಂತ ಮೊದಲು ಬಾಯ್ಬಿಡುವುದು ಕಾರಿನ ತಳ.

ಆ ದಿನ ದೇವಸ್ಥಾನದಿಂದ ಬಂದ ಮೇಲೆ ಬಸವ್ವ ಹೇಳಿದ್ದು: "ಕಡೇ ಸೋಮವಾರ ಎಡೆಯೂರಿಗೆ ಹೋಗೋಣು. ನಾನು, ಶಾಂತವ್ವ, ನೀಲಮ್ಮ, ಅಕ್ಕಯ್ಯಮ್ಮ. ನಾಲ್ಕು ಮಂದಿ ಮುದಕ್ಯಾರನ್ನ ಕರಕೊಂಡು ಹೋಗಿ ಬರ್ತೀಯಲ್ಲ?"

ರಾಜಾಜಿನಗರದ ದೇವಸ್ಥಾನವಾದರೆ ಎರಡು ಮೈಲಿ, ಮೆಲ್ಲಗೆ ಹೋಗಬಹುದು. ಎಡೆಯೂರೆಂದರೆ ಐವತ್ತು ಮೈಲಿ. ಕುಣಿಗಲ್ಲಿನ ಆಚೆ ಯಾವುದೋ ಗುಂಡಿಯಲ್ಲಿ ಕರಿಯ ಎಗರುತ್ತಾನೆ, ತಗಡು ಬೋಲ್ಟುಗಳಿಂದ ಕಿತ್ತು ಬರುತ್ತದೆ, ನಾಲ್ವರು ಮುದುಕಿಯರ ಕಾಲು ರಸ್ತೆ ಮೇಲೆ. ಹೇಳಿಬಿಡಬೇಕು. ಆದರೆ ಏನೆಂದು? ಊರಿನವರ ತಪ್ಪಿಗೆಲ್ಲ ಸ್ಪ್ಯಾನರ್ ಎಸೆದವನು, ಒಬ್ಬನೇ ಮಾಡಿದ ಮೊದಲನೇ ಕೆಲಸವನ್ನೇ ಕೆಡಿಸಿದ್ದೇನೆಂದೇ? ಆ ದಿನ ದೇವಸ್ಥಾನಕ್ಕೆ ಹೊರಡುವ ಮೊದಲೇ ಅವನು ಯಾರಿಗೂ ಹೇಳದೆ ಒಂದು ಹಲಗೆಗೆ ಗೋಣಿ ಸುತ್ತಿ ಅಜ್ಜಿಯ ಕಾಲಡಿಯ ಚಾಪೆಯ ಕೆಳಗೆ ತುರುಕಿದ್ದ; ಐವತ್ತು ಮೈಲಿಗೆ ಅದು ಸಾಲದು.

ಗುರುವಾರ ಗ್ಯಾರೇಜಿನಲ್ಲಿ ಮುನಿರಾಮಯ್ಯ ಬಾಗಿಲು ಸವರಿ ನೋಡಿದ. "ಹತ್ತು ದಿನದಿಂದ ಒಂದು ತಗ್ಗೂ ಇಲ್ಲ. ಲೇ ಅಂಜಿ, ಡಾಕ್ಟರ್ ಹತ್ರ ಹೋಗೋಣ್ವಾ?"

ಅಂಜಿನಯ್ಯ ಹೊರಬಿದ್ದ. ಡಾಕ್ಟರ ಹತ್ತಿರ ಅಲ್ಲ, ಹೊಸಹಳ್ಳಿಯ ನಾರಾಯಣಪ್ಪನ ಹತ್ತಿರ ಹೋದ. ನಾರಾಯಣಪ್ಪ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಗಡು ಬಡಿದು ರಿಟೈರಾದವನು. ಈಗ ಮನೆ ಮುಂದೆ ಕೂತು ಕೊಡೆ ರಿಪೇರಿ ಮಾಡುತ್ತಿದ್ದ. ಅಂಜಿನಯ್ಯ ಕಾಗದದ ಪೊಟ್ಟಣ ಬಿಚ್ಚಿ ಪುಡಿ ತೋರಿಸಿ, ಹೆಸರು ಹೇಳದೆ, ಯಾರೋ ಒಬ್ಬ ಮೆಕ್ಯಾನಿಕ್ ಹೀಗೆ ಮಾಡಿದ್ದಾನೆಂದು ಕತೆಯನ್ನೆಲ್ಲ ಹೇಳಿದ.

"ಟಾರ್ಚಿನ ಸೆಲ್ಲು ಒಡೆದು ನೋಡಿದೀಯಾ?" ಎಂದ ನಾರಾಯಣಪ್ಪ. "ಮಧ್ಯೆ ಕರಿ ಕಡ್ಡಿ, ಸುತ್ತ ಸತುವಿನ ಡಬ್ಬಿ, ನಡುವೆ ಒದ್ದೆ ಮಸಿ. ಟಾರ್ಚ್ ಉರೀತಾ ಉರೀತಾ ಡಬ್ಬಿ ಸವೆದು ತೂತಾಗುತ್ತೆ. ಇಲ್ಲೂ ಅದೇ. ಬೇರೆಬೇರೆ ಜಾತಿ ಲೋಹ ಎರಡು ತಾಗಿದ್ವು, ಮಧ್ಯೆ ನೀರು ಕೂತ್ಕೊಳ್ತು ಅಂದ್ರೆ ಒಂದು ಇನ್ನೊಂದನ್ನ ತಿನ್ನುತ್ತೆ. ಕಬ್ಬಿಣಾನೂ ಅಲ್ಯುಮಿನಿಯಂನ ತಿನ್ನುತ್ತೆ, ಮೆಲ್ಲಗೆ. ಹಿತ್ತಾಳೆಗೆ ಹಸಿವು ಜಾಸ್ತಿ. ನಿಮ್ಮ ಮೆಕ್ಯಾನಿಕ್ ಕಾರು ಮಾಡಿಲ್ಲಪ್ಪ, ಇಪ್ಪತ್ತೆಂಟು ಸೆಲ್ಲು ಮಾಡಿದಾನೆ. ಬಲ್ಬ್ ಹಾಕಿದ್ರೆ ಉರೀತಿತ್ತೋ ಏನೋ."

"ವಿಮಾನದಲ್ಲಿ ಏನ್ ಮಾಡ್ತೀರಾ ಸಾರ್?"

"ತಾಗೋಕೇ ಬಿಡಲ್ಲ. ಎರಡಕ್ಕೂ ಬಣ್ಣ ಬಳೀತೀವಿ. ಮಧ್ಯೆ ನೀರು ಹೀರದ ಪಟ್ಟಿ ಹಾಕ್ತೀವಿ. ಬೋಲ್ಟಿನ ತಲೆ ಕೆಳಗೂ ವಾಷರು. ಕಾರಿಗೆ ಅಷ್ಟೆಲ್ಲ ದುಬಾರಿ ಸಾಮಾನು ಬೇಡ. ಸೈಕಲ್ ಟ್ಯೂಬು ಕತ್ತರಿಸಿ ಹಾಕಿದ್ರೂ ಆಯ್ತು."

ಅಂಜಿನಯ್ಯನಿಗೆ ತಾನು ಮೂಲೆಗೆ ಎಸೆದ ಪಟ್ಟಿಗಳು ನೆನಪಾದವು. ಯಾಕೆ ಎಂಬುದಕ್ಕೆ ಉತ್ತರ ಒಂದಿತ್ತು. ಮೇಸ್ತ್ರಿಗೆ ಗೊತ್ತಿರಲಿಲ್ಲ, ಅಷ್ಟೇ. ಇವನಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಗೊತ್ತಿಲ್ಲದೆ ಸರಿಯಾದದ್ದು ಹೇಳಿದ್ದ, ಇವನು ಗೊತ್ತಿಲ್ಲದೆ ಕೂಗಾಡಿದ್ದ.

ನಾರಾಯಣಪ್ಪ ಪುಡಿಯನ್ನು ನಾಲಿಗೆ ತುದಿಗೆ ತಾಗಿಸಿ ಉಗುಳಿದ. "ಆದ್ರೆ ಒಂದೂಕಾಲು ವರ್ಷಕ್ಕೇ ಇಷ್ಟೊಂದು ತಿನ್ನಲ್ಲ. ಇದರಲ್ಲಿ ಉಪ್ಪಿದೆ. ಸಮುದ್ರದ ಪಕ್ಕದ ಕಾರಾ?"

"ರಾಜಾಜಿನಗರದ್ದು ಸಾರ್."

"ರಾಜಾಜಿನಗರಕ್ಕೆ ಸಮುದ್ರ ಯಾವಾಗ ಬಂತು? ಯಾರೋ ಉಪ್ಪುನೀರು ಹಾಕ್ತಾ ಇದಾರೆ. ಹೋಗಿ ನೋಡು. ಆ ಮೆಕ್ಯಾನಿಕ್‌ಗೂ ಹೇಳು," ಎಂದು ಕೊಡೆಯ ಕಡ್ಡಿಯ ಕಡೆಗೆ ತಿರುಗಿ, ಕತ್ತೆತ್ತದೆಯೇ ಸೇರಿಸಿದ, "ಅವನ ಹೆಬ್ಬೆರಳಿಗೆ ಇನ್ನೂ ಬಿಳಿ ಅಂಟ್ಕೊಂಡಿದೆ ಅಂತ."

ಅಂಜಿನಯ್ಯ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿದ. ಆದರೆ ಎದೆ ಹಗುರಾಗಿತ್ತು. ಉಪ್ಪು! ಯಾವನೋ ಉಪ್ಪು ಹಾಕಿದ್ದಾನೆ. ಅವನು ಸಿಕ್ಕರೆ ಸಾಕು, ತಪ್ಪೆಲ್ಲ ಅವನ ತಲೆಗೆ. ಬೋಲ್ಟಿನ ಸುದ್ದಿಯೇ ಎತ್ತಬೇಕಾಗಿಲ್ಲ. ನಾಲ್ಕು ದಿನ ಅವನು ಆ ಉಪ್ಪಿನವನಿಗೆಂದು ಒಳ್ಳೊಳ್ಳೆಯ ಬೈಗುಳಗಳನ್ನು ಆರಿಸಿ ಇಟ್ಟುಕೊಂಡ.

ಮೂರನೇ ಸೋಮವಾರ ಅಜ್ಜಿಯನ್ನು ಮನೆಗೆ ಬಿಟ್ಟು, ಕರಿಯನನ್ನು ಶೆಡ್ಡಿಗೆ ಸೇರಿಸಿ, "ಬರ್ತೀನಿ ಅಜ್ಜಿ," ಎಂದು ಗೇಟು ದಾಟಿದ. ದಾಟಿದವನು ಪಕ್ಕದ ಓಣಿಗೆ ತಿರುಗಿ, ಕಾಂಪೌಂಡ್ ಗೋಡೆಗೆ ಒರಗಿಸಿದ್ದ ಕಲ್ಲಿನ ಮೇಲೆ ಹತ್ತಿ ಇಣುಕಿದ.

ಬಸವ್ವ ಒಳಗಿಂದ ತಂಬಿಗೆ ತುಂಬ ನೀರು ತಂದಳು. ಇನ್ನೊಂದು ಕೈಯಲ್ಲಿ ಹಿಡಿ ತುಂಬ ಹರಳುಪ್ಪು. ಉಪ್ಪನ್ನು ನೀರಿಗೆ ಹಾಕಿ ಕಲಕಿ, ಕರಿಯನ ಮೂತಿಗೆ ದೃಷ್ಟಿ ನಿವಾಳಿಸಿದಳು. ಆಮೇಲೆ ಆ ನೀರನ್ನು, ಎಲ್ಲರ ಹಾಗೆ ಬೀದಿಗೆ ಚೆಲ್ಲದೆ, ಕಾರು ಹತ್ತುವ ಮೆಟ್ಟಿಲಿನ ಮೇಲಿಂದ ತಳಕ್ಕೆ ಇಳಿಯುವ ಹಾಗೆ ನಿಧಾನವಾಗಿ ಸುರಿದಳು.

ಪುಡಿ ಬಳಿದುಕೊಳ್ಳಲು ಕಾದು ಕೂತಿದ್ದ ರೇವಣಸಿದ್ದಪ್ಪ ಕೇಳಿದ, "ಅವ್ವಾರೇ, ಬೀದಿಗೆ ಚೆಲ್ಲೋದಲ್ವಾ ಅದು?"

"ಬೀದಿಗೆ ಚೆಲ್ಲಿದರ ಮಂದಿ ತುಳೀತಾರ. ಸಾಲಿಗೆ ಹೋಗೋ ಕೂಸುಗಳು ತುಳೀತಾವ. ನಮ್ಮ ದೃಷ್ಟಿ ಅವಕ್ಯಾಕ? ಪ್ರತಿ ಸೋಮವಾರ ಹಿಂಗ ಮಾಡೋದು ನಾ, ಕರಿಯಂದು ಕರಿಯನ ಕಾಲಿಗೇ ಇರಲಿ."

ಗೋಡೆಯ ಆಚೆ ಅಂಜಿನಯ್ಯನಿಗೆ ಸಂತೋಷದಿಂದ ಕೂಗಿಬಿಡಬೇಕು ಅನ್ನಿಸಿತು. ಸಿಕ್ಕಿಬಿದ್ದಳು ಅಜ್ಜಿ! ಇನ್ನೇನು ಗೋಡೆ ಹಾರಬೇಕು, ಅಷ್ಟರಲ್ಲಿ ಬಸವ್ವ ತಂಬಿಗೆಯ ತಳದಲ್ಲಿ ಉಳಿದ ನೀರನ್ನು ಡ್ರೈವರ್ ಸೀಟಿನ ಕಡೆಗೆ ಮತ್ತೊಮ್ಮೆ ನಿವಾಳಿಸಿದಳು.

"ಇದು ಯಾರಿಗೆ ಅವ್ವಾರೇ?"

"ಇದನ್ನ ನಡಸೋ ಹುಡುಗಗ. ಮದಲ ಸಿಟ್ಟಿನ ಹುಡುಗ. ಎಲ್ಲೆಲ್ಲಿ ಯಾರ ಕಣ್ಣು ಬಿದ್ದಿರತಾವೋ ಏನೋ. ಹದಿನೈದು ದಿನ ಆತು, ಒಂದು ಬೈಗುಳ ಬೈದಿಲ್ಲ. ನಂಗ ಭಾಳ ಚಿಂತಿ ಆಗೈತಿ."

ಅಂಜಿನಯ್ಯನ ಕಾಲಡಿಯ ಕಲ್ಲು ಅಲುಗಿತು. ಆರಿಸಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದಾದರೂ ಈ ಮುದುಕಿಗೆ ಹೊಂದುತ್ತದೆಯೇ ಎಂದು ನೋಡಿದ. ಒಂದೂ ಹೊಂದಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ಇಷ್ಟು ಚೆನ್ನಾಗಿ ತಪ್ಪು ಮಾಡಿದ ಇನ್ನೊಬ್ಬರು ಸಿಕ್ಕಿದ್ದಾರೆ, ಬೈಯಲಾಗುತ್ತಿಲ್ಲ! ಕಲ್ಲಿನಿಂದ ಇಳಿದು, ಗೇಟನ್ನು ದಡಾರನೆ ತಳ್ಳಿ ಒಳಗೆ ಬಂದ.

"ಅಜ್ಜಿ! ಅದು ವಿಭೂತಿ ಅಲ್ಲ!"

ರೇವಣಸಿದ್ದಪ್ಪನ ಮೂರು ಬೆರಳು ಹಣೆಯ ಮೇಲೆ ನಿಂತುಬಿಟ್ಟವು.

"ಅಲ್ಯುಮಿನಿಯಂ ಅದು. ಕರಿಯನ ತಳ ಕೊಳೀತಾ ಇದೆ. ಹಿತ್ತಾಳೆ ಬೋಲ್ಟು ಅದನ್ನ ತಿಂದುಹಾಕಿದೆ. ಎಡೆಯೂರಿಗೆ ಹೋದ್ರೆ ತಳ ಕಳಚ್ಕೊಂಡು ಬೀಳುತ್ತೆ. ಮೇಸ್ತ್ರಿ ಮಧ್ಯೆ ರಬ್ಬರ್ ಪಟ್ಟಿ ಹಾಕು ಅಂದಿದ್ರು. ನಾನು ಎಸೆದೆ. ಹಿತ್ತಾಳೆ ತಂದಿದ್ದೂ ನಾನೇ. ಯಾರೂ ಹೇಳಿರ್ಲಿಲ್ಲ. ತಪ್ಪು ನಂದು, ಆಯ್ತಾ? ನಂದೇ!"

ಕೊನೆಯ ಮಾತನ್ನು ಬೀದಿಯ ತುದಿಗೆ ಕೇಳುವ ಹಾಗೆ ಕೂಗಿದ. ಎದುರು ಮನೆಯ ಕಿಟಕಿಯೊಂದು ತೆರೆದುಕೊಂಡಿತು.

ಬಸವ್ವ ತಂಬಿಗೆಯನ್ನು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. "ಇಷ್ಟು ಹೇಳಾಕ ಮೂರು ಸೋಮವಾರ ಹಿಡೀತೇನೋ?"

"ನಿಮಗೆ ಗೊತ್ತಿತ್ತಾ?"

"ಮೊದಲನೇ ಸೋಮವಾರ ನಾನೂ ನಂಬಿದ್ದೆ. ಎರಡನೇದಕ್ಕ ಕಾಲಡಿ ಹಲಗಿ ಬಂತು. ಯಾಕ ಬಂತು ಅಂತ ನಿನ್ನ ಮಾರಿ ನೋಡಿದೆ. ಅಡ್ಡ ಎಮ್ಮಿ ಬಂದರೂ ಬೈಲಿಲ್ಲ ನೀ, 'ಹೋಗಮ್ಮಾ' ಅಂದಿ. ಊರ ಮಂದಿ ತಪ್ಪಾಗಿದ್ದರ ನೀ ಊರು ಮ್ಯಾಲೆ ಕೆಳಗ ಮಾಡತಿದ್ದಿ. ಸುಮ್ಮನಾದಿ ಅಂದ ಮ್ಯಾಲೆ ತಪ್ಪು ನಿಂದ ಅಂತ ಗೊತ್ತಾತು. ಏನು ತಪ್ಪು ಅಂತ ಮಾತ್ರ ತಿಳೀಲಿಲ್ಲ."

"ಹಂಗಾದ್ರೆ ಎಡೆಯೂರಿಗೆ ಹೋಗೋಣ ಅಂದ್ರಿ?"

"ಅಂದೆ. ನಾಲ್ಕು ಮುದಕ್ಯಾರನ್ನ ಕೂಡಿಸಿಕೊಂಡು ಹೋಗೋತನಕಾ ಸುಮ್ಮನಿರ್ತೀಯೋ ಹೆಂಗ ಅಂತ ನೋಡೋಣು ಅಂದೆ." ಅವಳ ಕಣ್ಣು ನಗುತ್ತಿತ್ತು. "ಆತು, ಉಪ್ಪಿನ ಸುದ್ದಿ ಯಾಕ ಬಿಟ್ಟಿ?"

ಅಂಜಿನಯ್ಯ ಬಗ್ಗಿ ಕರಿಯನ ಮೆಟ್ಟಿಲಿನ ಒದ್ದೆಯನ್ನು ಅಂಗೈಯಿಂದ ಒರೆಸತೊಡಗಿದ.

"ಗ್ವಾಡಿ ಮ್ಯಾಲೆ ನಿನ್ನ ತಲಿ ಕಾಣ್ತಿತ್ತೋ. ಮುಳ್ಳುಹಂದಿ ಹಂಗ ಕೂದಲ ಬಿಟ್ಟೀ, ಅಡಗಾಕ ಬರ್ತೈತೇನು? ನಾ ಸುರಿಯೋದನ್ನ ನೋಡಿ ನಿನ್ನ ಮಾರಿ ದೀಪಾವಳಿ ಆಗಿತ್ತು."

"ಉಪ್ಪುನೀರು ಬಿದ್ರೆ ಬೇಗ ತಿನ್ನುತ್ತೆ ಅಂತೆ," ಎಂದು ಅಂಜಿನಯ್ಯ ಗೊಣಗಿದ. "ಆದ್ರೆ ಬೋಲ್ಟು ಸರಿ ಇದ್ದಿದ್ರೆ, ನೀವು ಏನ್ ಸುರಿದ್ರೂ ಇಷ್ಟಾಗ್ತಿರ್ಲಿಲ್ಲ."

"ನಿನ್ನ ಬೋಲ್ಟು, ನನ್ನ ಉಪ್ಪು. ಇಬ್ಬರೂ ಕೂಡಿ ಕರಿಯನ್ನ ಉಪ್ಪಿನಕಾಯಿ ಹಾಕೀವಿ ನೋಡು," ಎಂದು ಬಸವ್ವ ನಕ್ಕಳು. ಆಮೇಲೆ ರೇವಣಸಿದ್ದಪ್ಪನ ಕಡೆಗೆ ತಿರುಗಿದಳು. "ಅಳಸಿಕೊಳ್ರೀ ಸಾಹುಕಾರ್ರ, ಅಲ್ಯುಮಿನಿಯಂ ಪಾತ್ರಿ ಪುಡಿ ಅದು."

ರೇವಣಸಿದ್ದಪ್ಪ ಹಣೆ ಮುಟ್ಟಿ ನೋಡಿಕೊಂಡ. "ಇರಲಿ ಬಿಡಿ ಅವ್ವಾರೇ. ಹಚ್ಕೊಂಡಾಗಿನಿಂದ ತಲೆನೋವು ಬಂದಿಲ್ಲ," ಎಂದ. ಹೋಗುವಾಗ ಸ್ಕೂಟರಿಗೆ ಬೋಲ್ಟು ಮಾತ್ರ ಬೇಡವೆಂದು ಎರಡು ಸಲ ಹೇಳಿ ಹೋದ.

ಕರಿಯ ಆ ದಿನವೇ ಕಾಮಾಕ್ಷಿಪಾಳ್ಯ ಸೇರಿದ. ಮುನಿರಾಮಯ್ಯ ಬಗ್ಗಿ ತಳ ನೋಡಿ, ಒಳಗೆ ಹೋಗಿ, ಹಳೇ ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತುಹಾಕಿದ್ದ ಟ್ಯೂಬಿನ ಪಟ್ಟಿಗಳನ್ನು ತಂದು ಬಾನೆಟ್ಟಿನ ಮೇಲಿಟ್ಟ. ಧೂಳು ಹಿಡಿದಿದ್ದರೂ ಅವೇ ಪಟ್ಟಿಗಳು.

"ಎಸೆದಿರ್ಲಿಲ್ವಾ ಮೇಸ್ತ್ರಿ?"

"ನೀನು ಎಸೆದೆ. ನಾನು ಎತ್ತಿಟ್ಟೆ. ನೀನು ಎಸೆದಿದ್ದನ್ನೆಲ್ಲ ಎತ್ತಿಡೋದೇ ನನ್ನ ಕೆಲಸ."

ಆರು ದಿನ ಕೆಲಸ ನಡೆಯಿತು. ಅಂಜಿನಯ್ಯ ತಿಂದುಹೋದ ತಗಡನ್ನು ಕಿತ್ತು, ಚಾಸಿಯ ಮೇಲಿನ ಉಪ್ಪನ್ನು ಬಿಸಿನೀರಿನಲ್ಲಿ ತೊಳೆದು, ಉಜ್ಜಿ, ಒಣಗಿಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದ. ಹೊಸ ತಗಡಿಗೂ ಎರಡು ಕಡೆ ಬಣ್ಣ. ಚಾಸಿಯ ಉದ್ದಕ್ಕೂ ಟ್ಯೂಬಿನ ಪಟ್ಟಿ. ಸತು ಲೇಪದ ಕಬ್ಬಿಣದ ಬೋಲ್ಟು, ಒಂದೊಂದರ ತಲೆಯ ಕೆಳಗೂ ರಬ್ಬರ್ ವಾಷರು, ತಗಡಿನ ತೂತಿನಲ್ಲಿ ಬೋಲ್ಟು ತಾಗದ ಹಾಗೆ ಪೆಟ್ರೋಲ್ ಪೈಪಿನ ತುಂಡು, ಎಲ್ಲಕ್ಕೂ ಮೇಲೆ ಗ್ರೀಸು. ಕೆಲಸ ಮಾಡುತ್ತಲೇ ಸೆಲ್ಲಿನ ಕತೆಯನ್ನು ಮೇಸ್ತ್ರಿಗೆ ಪೂರ್ತಿ ಬಿಡಿಸಿ ಹೇಳಿದ.

ಮುನಿರಾಮಯ್ಯ ಬೀಡಿ ಆರಿಹೋದದ್ದೂ ತಿಳಿಯದೆ ಕೇಳಿದ. "ಹಂಗಾ ವಿಷಯ! ನಾನು ಇಷ್ಟು ದಿನ ಗಡಗಡ ಸದ್ದು ಬರ್ದೇ ಇರ್ಲಿ ಅಂತ ಹಾಕೋದು ಅನ್ಕೊಂಡಿದ್ದೆ."

ಕೊನೆಯ ಸೋಮವಾರ ಬೆಳಿಗ್ಗೆ ಶಾಂತವ್ವ, ನೀಲಮ್ಮ, ಅಕ್ಕಯ್ಯಮ್ಮ ಬುತ್ತಿಯ ಗಂಟುಗಳೊಂದಿಗೆ ಕರಿಯನೊಳಗೆ ಕೂತಾಗಿತ್ತು. ಬಸವ್ವ ಮಾತ್ರ ತಂಬಿಗೆ ಹಿಡಿದು ಹೊರಗೆ ಬಂದಳು. ಅಂಜಿನಯ್ಯ ಕಾರಿಗೆ ಅಡ್ಡವಾಗಿ ಕೈ ಚಾಚಿ ನಿಂತ.

"ಕರಿಯಗಲ್ಲೋ. ನಿಂಗ. ಬಾ ಈ ಕಡೆ."

ಅವನನ್ನು ಕಾರಿನಿಂದ ಹತ್ತು ಮಾರು ದೂರ ನಿಲ್ಲಿಸಿ ಮೂರು ಸುತ್ತು ನಿವಾಳಿಸಿದಳು. ಬೀದಿಯವರೆಲ್ಲ ನೋಡುತ್ತಿದ್ದರು. ಅಂಜಿನಯ್ಯ ಹಲ್ಲು ಕಚ್ಚಿ ನಿಂತಿದ್ದ.

"ಎಲ್ಲಿ ಚೆಲ್ಲಲಿ ಹೇಳು. ನೀ ದೊಡ್ಡ ಶಾಣ್ಯಾ."

"ಮೋರಿಗೆ ಚೆಲ್ಲಿ ಅಜ್ಜಿ."

"ಮೋರಿ ಮ್ಯಾಲೆ ಕಬ್ಬಿಣದ ಜಾಲರಿ ಐತಲ್ಲೋ?"

"ಪರವಾಗಿಲ್ಲ ಚೆಲ್ಲಿ."

"ಜಾಲರಿಗೆ ಹಿತ್ತಾಳಿ ಬೋಲ್ಟು ಹಾಕಿಲ್ಲೇನು? ಬಗ್ಗಿ ಒಮ್ಮೆ ನೋಡಬಾರದಾ? ನಡುವ ರಬ್ಬರು ಐತೋ ಇಲ್ಲೋ?"

"ಅಜ್ಜೀ!" ಅಂಜಿನಯ್ಯ ಸಿಡಿದ. "ಮೊದ್ಲು ಚೆಲ್ರೀ ಅದನ್ನ! ಬಿಸ್ಲು ಏರ್ತಾ ಇದೆ! ಒಳಗೆ ಮೂರು ಜನ ಬೆಂದುಹೋಗ್ತಾ ಇದಾರೆ, ನೀವು ಇಲ್ಲಿ ಮೋರಿ ಪರೀಕ್ಷೆ ಮಾಡ್ತಿದೀರಾ? ಬುದ್ಧಿ ಬೇಡ್ವಾ ಯಾರಿಗೂ!"

ಬಸವ್ವ ನೀರನ್ನು ಮೋರಿಗೆ ಚೆಲ್ಲಿ, ತಂಬಿಗೆಯನ್ನು ಜಗಲಿಯ ಮೇಲೆ ಬೋರಲು ಹಾಕಿದಳು.

"ಹುಡುಗಗ ಆರಾಮ ಆತು ನೋಡ್ರೇ," ಎಂದು ಒಳಗಿದ್ದವರಿಗೆ ಹೇಳುತ್ತಾ ಕಾರು ಹತ್ತಿದಳು. ಸೀಟಿನಲ್ಲಿ ಕೂತು, ಚಾಪೆ ಸರಿಸಿ, ಹೊಸ ತಳವನ್ನು ಹಿಮ್ಮಡಿಯಿಂದ ಎರಡು ಸಲ ಬಲವಾಗಿ ಗುದ್ದಿದಳು. ಅಂಜಿನಯ್ಯ ಸ್ಟೀರಿಂಗ್ ಹಿಡಿದು ಕಿವಿಗೊಟ್ಟ. ಗಡಗಡ ಸದ್ದೂ ಬರಲಿಲ್ಲ.